ಒಳಗೂ ಎರಡು ಕೋಟು

ಎಲ್ಲಕ್ಕೂ ಮೂಲ ಎಗ್ಬರ್ಟ್ ಲೆಜಾಮಾನ ತಲೆಗೂದಲು. ಅದು ಒಂದಂಗುಲ ಕಡಿಮೆ ಬೆಳೆದಿದ್ದರೆ ಆ ಶನಿವಾರ ಬೇರೆಯೇ ಶನಿವಾರವಾಗಿರುತ್ತಿತ್ತು.

ಬೆಳಿಗ್ಗೆ ಏಳೂವರೆಗೆ ಅವನು ಪ್ಯಾನ್ ವಾದ್ಯ ಕಲಿಸುವ ಅಂಗಳದ ಗೇಟು ತೆಗೆಯುತ್ತಿದ್ದಾಗ ಎದುರಿನ ಅಂಗಡಿಯ ಕಿಟಕಿಯಿಂದ ಟ್ಯಾಂಟಿ ಮರ್ಲ್ ತಲೆ ಹೊರಹಾಕಿದಳು. ಮೋರ್ನ್ ಕಕಾವೋ ಗುಡ್ಡದಲ್ಲಿ ಎಲ್ಲರಿಗೂ ಅವಳು ಟ್ಯಾಂಟಿ, ಅಂದರೆ ಚಿಕ್ಕಮ್ಮ. ಹಾಗಾಗಿ ಎಲ್ಲರನ್ನೂ ಬಯ್ಯುವ ಹಕ್ಕೂ ಅವಳದೇ.

"ಲೋ ಎಗ್ಬರ್ಟ್, ಇವತ್ತು ಕಂಪನಿಯವ್ರು ಬರ್ತಾರೆ ತಾನೆ?"

"ಮೂರು ಗಂಟೆಗೆ, ಟ್ಯಾಂಟಿ."

"ಮತ್ತೆ ಈ ತಲೆ ಹೊತ್ಕೊಂಡು ಅವ್ರ ಮುಂದೆ ನಿಂತ್ಕೋತೀಯಾ? ನೋಡಿದವ್ರು, ಪಾಪ, ಈ ಮನುಷ್ಯನಿಗೆ ಪ್ಯಾನ್ ಆಮೇಲೆ ಕೊಡೋಣ, ಮೊದ್ಲು ಒಂದು ಬಾಚಣಿಗೆ ಕೊಡಿ ಅಂತಾರೆ."

ಎಗ್ಬರ್ಟ್ ತಲೆ ಮುಟ್ಟಿ ನೋಡಿಕೊಂಡ. ಅದರಲ್ಲಿ ಒಂದು ಕೋಳಿ ಕಾವಿಗೆ ಕೂರಬಹುದಾಗಿತ್ತು.

ಎಗ್ಬರ್ಟ್ ಅಂಚೆಯವ. ಐವತ್ತು ದಾಟಿದೆ. ಹಗಲು ಗುಡ್ಡ ಹತ್ತಿ ಇಳಿದು ಕಾಗದ ಹಂಚುವುದು, ಸಂಜೆ ಮಾವಿನ ಮರದ ಕೆಳಗೆ ಮಕ್ಕಳಿಗೆ ಪ್ಯಾನ್ ಕಲಿಸುವುದು, ಇಷ್ಟೇ ಅವನ ಬದುಕು. ಎಣ್ಣೆ ಪೀಪಾಯಿಯ ತಳವನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಬೋಗುಣಿಯ ಹಾಗೆ ತಗ್ಗು ಮಾಡಿ, ಆ ತಗ್ಗಿನಲ್ಲಿ ಒಂದೊಂದೇ ಸ್ವರ ಕೂರಿಸಿದ ವಾದ್ಯ ಪ್ಯಾನ್. ಅವನ 'ಮಾರ್ನಿಂಗ್ ಸ್ಟಾರ್ಸ್' ತಂಡದಲ್ಲಿ ಇಪ್ಪತ್ತೆಂಟು ಮಕ್ಕಳು, ಇಪ್ಪತ್ತೆರಡು ಪ್ಯಾನ್. ಆ ಪ್ಯಾನ್‌ಗಳಿಗೆ ಮಕ್ಕಳ ಅಪ್ಪಂದಿರಿಗಿಂತ ಹೆಚ್ಚು ವಯಸ್ಸು. ಹೋದ ವರ್ಷ ಮಕ್ಕಳ ಪನೋರಮಾ ಸ್ಪರ್ಧೆಯಲ್ಲಿ ತಂಡಕ್ಕೆ ಕೊನೆಯ ಸ್ಥಾನ. "ಮಕ್ಕಳು ಬಂಗಾರ, ಪ್ಯಾನ್‌ಗಳು ಗುಜರಿ" ಎಂದು ತೀರ್ಪುಗಾರರೊಬ್ಬರು ಬರೆದೇಬಿಟ್ಟಿದ್ದರು. ಮೊದಲ ಸ್ಥಾನ ಗುಡ್ಡದ ಕೆಳಗಿನ ತಿರುವಿನ 'ಸೀ ಬ್ರೀಜ್' ತಂಡಕ್ಕೆ. ಅದರ ಕ್ಯಾಪ್ಟನ್ ಹೋಲಿಸ್ ಡ್ರೇಕ್ಸ್ ಗೆದ್ದ ಕಪ್ ಎತ್ತಿಕೊಂಡು ಗುಡ್ಡದ ತುದಿಯವರೆಗೂ ಮೆರವಣಿಗೆ ಬಂದಿದ್ದ. ಅವನ ಮನೆ ಇರುವುದು ಕೆಳಗೆ. ಬೇಕೆಂದೇ ಬಂದಿದ್ದ.

ಈ ವರ್ಷ ದೇವರು ಕಣ್ಣು ಬಿಟ್ಟಿದ್ದ. ಟ್ರಿನಿಡಾಡ್‌ನಲ್ಲಿ ಪ್ಯಾನ್ ತಂಡ ಅಂದಮೇಲೆ ಅದರ ಹೆಸರಿನ ಮುಂದೆ ಒಂದು ಕಂಪನಿಯ ಹೆಸರಿರಬೇಕು, ಮನುಷ್ಯನಿಗೆ ಮನೆತನದ ಹೆಸರಿದ್ದ ಹಾಗೆ. ಬ್ಯಾಂಕಿನದೋ ಬಿಸ್ಕತ್ತಿನದೋ ಹೆಸರಿಲ್ಲದ ತಂಡವನ್ನು ಜನ ಅನಾಥ ಅನ್ನುತ್ತಾರೆ. ಮಾರ್ನಿಂಗ್ ಸ್ಟಾರ್ಸ್ ಹುಟ್ಟಿದಾಗಿನಿಂದ ಅನಾಥ. ಎಗ್ಬರ್ಟ್ ಎಷ್ಟೋ ಕಂಪನಿಗಳಿಗೆ ಅರ್ಜಿ ಬರೆದು, ತಾನೇ ಅಂಚೆಗೆ ಹಾಕಿ, ಬಂದ 'ಇಲ್ಲ'ಗಳನ್ನು ತಾನೇ ತನಗೆ ಬಟವಾಡೆ ಮಾಡಿಕೊಂಡಿದ್ದ. ಕೊನೆಗೆ ಗೋಲ್ಡನ್ ಪೌಯಿ ಪೇಂಟ್ಸ್ ಕಂಪನಿಯಿಂದ ಉತ್ತರ ಬಂದಿತ್ತು: "ಎಳೆಯರ ಕಲಾ ಶಿಕ್ಷಣಕ್ಕೆ ನೆರವಾಗುವ ನಮ್ಮ ಯೋಜನೆಯಲ್ಲಿ ನಿಮ್ಮ ತಂಡವನ್ನು ಪರಿಶೀಲಿಸಲು ನಮ್ಮ ನಿರ್ದೇಶಕರಾದ ಶ್ರೀ ಗೊವೇಯಾ ಅವರು ಶನಿವಾರ ಬರುತ್ತಾರೆ. ಅಂದು ಬೆಳಿಗ್ಗೆ ನಮ್ಮ ಪೇಂಟರ್‌ಗಳು ಬಂದು ವಾದ್ಯಗಳಿಗೆ ಕಂಪನಿಯ ಬಣ್ಣ ಹಚ್ಚುತ್ತಾರೆ." ನಿರ್ದೇಶಕರಿಗೆ ಮೆಚ್ಚುಗೆಯಾದರೆ ತಂಡಕ್ಕೆ ಹೊಸ ಪ್ಯಾನ್. ಹೊಸ ಪ್ಯಾನ್ ಬಂದರೆ ಪನೋರಮಾ. ಪನೋರಮಾ ಗೆದ್ದರೆ ಕಪ್ ಹಿಡಿದು ಗುಡ್ಡದ ಕೆಳಗೆ ಡ್ರೇಕ್ಸ್‌ನ ಬಾಗಿಲವರೆಗೆ ಮೆರವಣಿಗೆ. ಎಗ್ಬರ್ಟ್ ಆ ಮೆರವಣಿಗೆಯ ದಾರಿಯನ್ನು ಕಾಗದ ಹಂಚುವಾಗ ದಿನವೂ ಮನಸ್ಸಿನಲ್ಲೇ ಅಳೆಯುತ್ತಿದ್ದ.

ಎಂಟಕ್ಕೆ ಸರಿಯಾಗಿ ಪೇಂಟರ್‌ಗಳು ಬಂದರು. ಒಬ್ಬ ಉದ್ದ, ಒಬ್ಬ ಗಿಡ್ಡ. ಎಗ್ಬರ್ಟ್ ಆಗಲೇ ಒಂದು ಕಾಲು ಗೇಟಿನ ಹೊರಗಿಟ್ಟಿದ್ದ.

"ಕ್ಯಾಪ್ಟನ್, ಬಣ್ಣ ಹೇಗೆ ಹೊಡೀಬೇಕು ಅಂತ..." ಉದ್ದನೆಯವನು ಶುರುಮಾಡಿದ.

"ಚೆನ್ನಾಗಿ ಹೊಡೀರಪ್ಪ. ನಾನು ಹತ್ತೇ ನಿಮಿಷದಲ್ಲಿ ಕ್ಷೌರ ಮಾಡಿಸ್ಕೊಂಡು ಬಂದೆ. ಏನಾದ್ರೂ ಕೇಳೋದಿದ್ರೆ ಅಲ್ಲಿ ಅಜ್ಜ ಇದ್ದಾರೆ, ಕೇಳಿ. ಅವರಿಗೆ ಎಲ್ಲಾ ಗೊತ್ತು."

ಅಜ್ಜ ಅಂದರೆ ಪಾಪಾ ನೆಸ್ಟರ್. ಎಂಬತ್ತಮೂರು ವರ್ಷ. ಮಾವಿನ ಮರದ ಕೆಳಗಿನ ಬೆಂಚು ಅವನದು. ಬೆಳಗಾದರೆ ಬಂದು ಕೂರುವುದು, ಪ್ಯಾನ್ ಸದ್ದು ಶುರುವಾದ ತಕ್ಷಣ ಕಿವಿಗೆ ಹತ್ತಿ ಇಟ್ಟುಕೊಳ್ಳುವುದು. ಪ್ಯಾನ್ ಹುಟ್ಟುವ ಮೊದಲು ಈ ಗುಡ್ಡಗಳಲ್ಲಿ ಇದ್ದದ್ದು ಬಿದಿರಿನ ಮೇಳ, ತಂಬೂ-ಬಂಬೂ. ಉದ್ದ ಬೊಂಬನ್ನು ನೆಲಕ್ಕೆ ಕುಟ್ಟಿದರೆ ದಪ್ಪ ಸದ್ದು, ಗಿಡ್ಡ ತುಂಡುಗಳನ್ನು ಒಂದಕ್ಕೊಂದು ತಟ್ಟಿದರೆ ಸಣ್ಣ ಸದ್ದು. ಪಾಪಾ ನೆಸ್ಟರ್‌ಗೆ ಅದನ್ನು ಕಲಿಸಿದ್ದು ಅವನಪ್ಪ. ಅವನಿಂದ ಕಲಿಯಲು ಮಾತ್ರ ಒಂದು ನರಪಿಳ್ಳೆಯೂ ಬಂದಿರಲಿಲ್ಲ.

"ವಾರಕ್ಕೆ ಒಂದು ಸಂಜೆ ಕೊಡೋ ಎಗ್ಬರ್ಟ್, ಮಕ್ಕಳಿಗೆ ಬಿದಿರು ಹೇಳ್ಕೊಡ್ತೀನಿ" ಎಂದು ಅವನು ಐದು ವರ್ಷದ ಹಿಂದೆ ಬಾಯಿಬಿಟ್ಟು ಕೇಳಿದ್ದ.

"ಬಿದಿರಾ? ಒಲೆಗೆ ಹಾಕಜ್ಜ, ಒಂದು ಪಾತ್ರೆ ಅನ್ನವಾದ್ರೂ ಬೇಯುತ್ತೆ" ಎಂದಿದ್ದ ಎಗ್ಬರ್ಟ್. ಮಕ್ಕಳೆಲ್ಲ ಗೊಳ್ಳೆಂದು ನಕ್ಕಿದ್ದರು. ಪಾಪಾ ನೆಸ್ಟರ್ ಕೂಡ ನಕ್ಕಿದ್ದ. ಎಗ್ಬರ್ಟ್ ಅದನ್ನು ಮರುದಿನವೇ ಮರೆತಿದ್ದ. ಮಾತು ಆಡಿದವನು ಯಾವಾಗಲೂ ಬೇಗ ಮರೆಯುತ್ತಾನೆ.

ಹತ್ತು ನಿಮಿಷದ ಕ್ಷೌರ ಅನ್ನುವುದು ಈ ದ್ವೀಪದಲ್ಲಿ ಯಾರಿಗೂ ಆಗಿಲ್ಲ. ಕ್ಷೌರದ ಫಿಟ್ಸ್‌ರಾಯ್‌ನ ಅಂಗಡಿಯಲ್ಲಿ ಕ್ರಿಕೆಟ್ ಆಯ್ಕೆ ಸಮಿತಿಯನ್ನು ಬೈದು ಮುಗಿಸುವ ಹೊತ್ತಿಗೆ ಒಂಬತ್ತೂವರೆ. ಎಗ್ಬರ್ಟ್‌ನ ತಲೆಯ ಬಲಭಾಗ ನುಣ್ಣಗಾಯಿತು. ಮೆಷಿನ್ನು ಎಡಕ್ಕೆ ತಿರುಗಿತು. ಕರೆಂಟು ಹೋಯಿತು.

"ಬರುತ್ತೆ ಕೂತ್ಕೋ" ಎಂದ ಫಿಟ್ಸ್‌ರಾಯ್.

ಹನ್ನೊಂದೂವರೆಯಾದರೂ ಬರಲಿಲ್ಲ. "ಕತ್ತರಿಯಲ್ಲಾದ್ರೂ ಮುಗಿಸೋ!" ಎಂದು ಎಗ್ಬರ್ಟ್ ಅರಚಿದ.

"ಕತ್ತರಿ ಬಿಟ್ಟು ಹದಿನೈದು ವರ್ಷ ಆಯ್ತು ಮಾರಾಯ. ಕಿವಿ ಹೋದ್ರೆ ನನ್ನ ಕೇಳ್ಬೇಡ."

ಪ್ಯಾನ್ ತಂಡದ ಕ್ಯಾಪ್ಟನ್‌ಗೆ ಕಿವಿ ಮುಖ್ಯ. ಎಗ್ಬರ್ಟ್ ಫಿಟ್ಸ್‌ರಾಯ್‌ನ ಹುಲ್ಲಿನ ಟೋಪಿ ಎರವಲು ಪಡೆದು, ಅರ್ಧ ತಲೆಯನ್ನೂ ಅರ್ಧ ಪೊದೆಯನ್ನೂ ಅದರೊಳಗೆ ತುರುಕಿಕೊಂಡು, ಬುಸುಗುಡುತ್ತ ಗುಡ್ಡ ಹತ್ತಿದ.

ಅಂಗಳದ ಗೇಟಿಗೆ ಸರಿಯಾಗಿ ಅಡ್ಡಲಾಗಿ ಒಂದು ಬಾಡಿಗೆ ಲಾರಿ ನಿಂತಿತ್ತು. ಮೇಲೆ ನೀಲಿ ಟಾರ್ಪಾಲು, ಸುತ್ತ ಹಗ್ಗ. ಡ್ರೈವರ್ ಕಿಟಕಿಯಲ್ಲಿ ಕಾಲಿಟ್ಟುಕೊಂಡು ಕಡಲೆ ತುಂಬಿದ ಡಬಲ್ಸ್ ರೊಟ್ಟಿ ತಿನ್ನುತ್ತಿದ್ದ. ಕಡಲೆ ಸಾರು ಅವನ ಮೊಣಕೈಯವರೆಗೆ ಇಳಿದಿತ್ತು.

"ಏಯ್! ಇದೇನು ನಿಮ್ಮಪ್ಪನ ಗ್ಯಾರೇಜಾ? ತೆಗಿ ಲಾರಿ!"

"ಮೂರು ಗಂಟೆವರೆಗೂ ಇಲ್ಲೇ ನಿಂತಿರು ಅಂದಿದ್ದಾರೆ ಅಣ್ಣ."

"ಯಾರು ಅಂದಿದ್ದು?"

"ಅದನ್ನ ಹೇಳ್ಬೇಡ ಅಂದಿದ್ದಾರೆ."

"ಒಳಗೇನಿದೆ?"

"ಅದನ್ನಂತೂ ಹೇಳ್ಲೇಬೇಡ ಅಂದಿದ್ದಾರೆ."

"ಹೇಳ್ಬೇಡ, ನಂಗೆ ಗೊತ್ತು. ಸಿಮೆಂಟು. ಇಲ್ಲಿಗೆ ದೊಡ್ಡ ಮನುಷ್ಯರ ಕಾರು ಬರುತ್ತೆ ಇವತ್ತು. ತೆಗೀತೀಯೋ, ಚಕ್ರದ ಗಾಳಿ ಬಿಡ್ಲೋ?"

"ಆಮೇಲೆ ನೀವೇ ಬೇಜಾರು ಮಾಡ್ಕೋತೀರ ಅಣ್ಣ" ಎಂದ ಡ್ರೈವರ್, ಒಂದು ಥರ ಕರುಣೆಯಿಂದ.

"ನಿನ್ನ ಲಾರಿ ಹೋದ್ರೆ ನಾನ್ಯಾಕೋ ಬೇಜಾರು ಮಾಡ್ಕೊಳ್ಳಿ? ಹಬ್ಬ ಮಾಡ್ತೀನಿ! ಕೆಳಗೆ ತಿರುವಿನಲ್ಲಿ ಸೀ ಬ್ರೀಜ್ ಅಂತ ಬೋರ್ಡಿದೆ. ಅವರ ಗೇಟಿಗೆ ಅಡ್ಡ ನಿಲ್ಸು. ಒಂದು ನಾಯಿನೂ ನುಸುಳಬಾರದು, ಹಾಗೆ ನಿಲ್ಸು!"

ಲಾರಿ ಗೊಣಗುತ್ತ ಹಿಂದಕ್ಕೆ ಸರಿದು ಇಳಿಜಾರು ಇಳಿಯಿತು. ಬೆಳಗ್ಗಿನಿಂದ ಮೊದಲ ಬಾರಿಗೆ ಎಗ್ಬರ್ಟ್‌ಗೆ ಸ್ವಲ್ಪ ಸಮಾಧಾನವಾಯಿತು. ಆ ಸಮಾಧಾನವನ್ನೇ ಮುಖದ ಮೇಲೆ ಇಟ್ಟುಕೊಂಡು ಅವನು ಒಳಗೆ ಕಾಲಿಟ್ಟ.

ಅಂಗಳದಲ್ಲಿ ಇಪ್ಪತ್ತೆರಡು ಪ್ಯಾನ್‌ಗಳು ಪೌಯಿ ಹೂವಿನ ಹಾಗೆ ಹಳದಿಯಾಗಿ ಹೊಳೆಯುತ್ತಿದ್ದವು. ಹೊರಗೂ ಹಳದಿ. ಒಳಗೂ ಹಳದಿ.

ಎಗ್ಬರ್ಟ್ ಒಂದು ಪ್ಯಾನ್‌ನೊಳಗೆ ಬಗ್ಗಿ ನೋಡಿದ.

"ಹೇಗಿದೆ ಕ್ಯಾಪ್ಟನ್?" ಗಿಡ್ಡನೆಯವನು ಕುಂಚ ಒರೆಸುತ್ತ ಹಲ್ಲು ಕಿರಿದ. "ನೀರಿನ ಟ್ಯಾಂಕಿಗೆ ಹೊಡೆಯೋ ಮಾಲು. ಗಂಟೆಯೊಳಗೆ ಒಣಗುತ್ತೆ. ಹತ್ತು ವರ್ಷ ಗ್ಯಾರಂಟಿ. ಎರಡು ಕೋಟು."

"ಒಳಗೆ... ಒಳಗೆ ಯಾಕೋ ಹೊಡೆದ್ರಿ?"

"ಒಳಗೂ ಎರಡು ಕೋಟು" ಎಂದ ಉದ್ದನೆಯವನು ಹೆಮ್ಮೆಯಿಂದ. "ಊಟ ಮುಗಿಸಿ ಬಂದು ಖಾಲಿ ಡಬ್ಬ ತಗೊಂಡು ಹೋಗ್ತೀವಿ." ಎಗ್ಬರ್ಟ್ ಇನ್ನೊಂದು ಪ್ಯಾನ್‌ನೊಳಗೆ ಬಗ್ಗಿ ನೋಡಿ ತಲೆ ಎತ್ತುವಷ್ಟರಲ್ಲಿ ಅವರಿಬ್ಬರೂ ಗೇಟು ದಾಟಿದ್ದರು.

ಅವನು ರಬ್ಬರು ಸುತ್ತಿದ ಕೋಲು ತೆಗೆದುಕೊಂಡು ಹತ್ತಿರದ ಪ್ಯಾನ್ ಮೇಲೆ ಮೆಲ್ಲಗೆ ಹೊಡೆದ. ಬೆಳ್ಳಿ ಗಂಟೆಯ ಹಾಗೆ ಉಲಿಯಬೇಕಾದದ್ದು 'ದೊಪ್' ಎಂದಿತು. ಕುಂಬಳಕಾಯಿ ತಟ್ಟಿದ ಹಾಗೆ. ಇನ್ನೊಂದಕ್ಕೆ ಹೊಡೆದ. ದೊಪ್. ತೆಳು ತಗಡು ನಡುಗಿದರೆ ತಾನೆ ಸ್ವರ? ಟ್ಯಾಂಕಿನ ಬಣ್ಣ ಅದರ ಮೇಲೆ ಚಳಿಗಾಲದ ಕಂಬಳಿಯ ಹಾಗೆ ಬಿದ್ದಿತ್ತು. ಇಪ್ಪತ್ತೆರಡು ದೊಪ್. ಬೆಂಚಿನ ಮೇಲೆ ಪಾಪಾ ನೆಸ್ಟರ್ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

"ಅಜ್ಜಾ! ಇಲ್ಲೇ ಕೂತಿದ್ದೆಯಲ್ಲ, ನೋಡ್ಲಿಲ್ವಾ?"

"ಹಾಂ?" ಪಾಪಾ ನೆಸ್ಟರ್ ಒಂದು ಕಣ್ಣು ತೆರೆದ. "ಏನು ಮಗ, ಕಂಪನಿಯವ್ರು ಬಂದ್ರಾ?" ಮತ್ತೆ ಮುಚ್ಚಿದ.

ಎಗ್ಬರ್ಟ್‌ನ ಕೂಗಿಗೆ ಮೊದಲು ಬಂದವಳು ಟ್ಯಾಂಟಿ ಮರ್ಲ್, ಅವಳ ಹಿಂದೆ ಮೆಕ್ಯಾನಿಕ್ ಬೂದ್ರಾಮ್, ಅವನ ಹಿಂದೆ ಕೆಲಸವಿಲ್ಲದ ಅರ್ಧ ಬೀದಿ. ಮೋರ್ನ್ ಕಕಾವೋದಲ್ಲಿ ಕಷ್ಟದಲ್ಲಿರುವವನಿಗೆ ಸಲಹೆಯ ಬರವಿಲ್ಲ.

"ಬಿಸಿನೀರು, ಸೋಪು, ತೆಂಗಿನ ನಾರು" ಎಂದಳು ಟ್ಯಾಂಟಿ.

"ಹೋಗ್ರೀ ಟ್ಯಾಂಟಿ, ಇದೇನು ಸಾರಿನ ಪಾತ್ರೆನಾ?" ಎಂದ ಬೂದ್ರಾಮ್. "ಥಿನ್ನರ್ ತರ್ತೀನಿ. ಎರಡು ನಿಮಿಷ."

ಬೂದ್ರಾಮ್‌ನ ಥಿನ್ನರ್ ಬಣ್ಣವನ್ನು ತೆಗೆಯಲಿಲ್ಲ, ಕರಗಿಸಿತು. ಹಳದಿ ಅಂಟು ಪ್ಯಾನ್‌ನ ತಗ್ಗಿನಲ್ಲಿ ಹಲಸಿನ ಮೇಣದ ಹಾಗೆ ನಿಂತಿತು. ಹೊಡೆದ ಕೋಲು ಅಲ್ಲೇ ಕಚ್ಚಿಕೊಂಡಿತು. ಕೋಲು ಕಿತ್ತರೆ ರಬ್ಬರು ಅಲ್ಲಿ, ಕಡ್ಡಿ ಕೈಯಲ್ಲಿ.

"ಹಾಗಿದ್ರೆ ಸುಟ್ಟು ತೆಗೆಯೋಣ" ಎಂದ ಬೂದ್ರಾಮ್.

"ಬೇಡ! ಬೆಂಕಿ ತಗುಲಿದ್ರೆ ಶ್ರುತಿ ಹೋಗುತ್ತೆ!" ಎಂದು ಎಗ್ಬರ್ಟ್ ಕೂಗುವಷ್ಟರಲ್ಲಿ ಬೂದ್ರಾಮ್ ಗ್ಯಾಸ್ ಬರ್ನರ್ ಹಚ್ಚಿ ಒಂದು ಪ್ಯಾನ್‌ಗೆ ಹಿಡಿದೇಬಿಟ್ಟಿದ್ದ. ಬಣ್ಣ ಸುಲಿದು ಬಂತು, ನಿಜ. ಆದರೆ ಅದರಲ್ಲಿದ್ದ ಸ್ವರಗಳೆಲ್ಲ ಪಾಲು ಕೇಳುವ ಅಣ್ಣತಮ್ಮಂದಿರ ಹಾಗೆ ಒಂದೊಂದು ದಿಕ್ಕಿಗೆ ಮುಖ ತಿರುಗಿಸಿದ್ದವು.

"ಸ್ವಲ್ಪ ವ್ಯತ್ಯಾಸ ಇದೆ" ಎಂದು ಬೂದ್ರಾಮ್ ಒಪ್ಪಿಕೊಂಡ.

"ಲೋ, ಆ ಬೆಂಕಿ ಆರಿಸ್ಬೇಡ" ಎಂದಳು ಟ್ಯಾಂಟಿ. "ಹೇಗೂ ಉರೀತಿದೆ, ಒಂದು ದೀವಿ ಹಲಸು ಸುಟ್ಟುಬಿಡ್ತೀನಿ. ಬಂದವ್ರಿಗೆ ತಿನ್ನೋಕೂ ಆಯ್ತು."

ಎಗ್ಬರ್ಟ್ ಬರ್ನರ್ ಕಿತ್ತುಕೊಳ್ಳಲು ಹಾರಿದ. ಚೆಲ್ಲಿದ್ದ ಥಿನ್ನರಿನ ಮೇಲೆ ಕಾಲಿಟ್ಟ. ಜಾರಿ ಹೋಗಿ ಮೂಲೆಯಲ್ಲಿದ್ದ, ದಪ್ಪ ಸ್ವರದ ದೊಡ್ಡ ಬೇಸ್ ಪೀಪಾಯಿಯನ್ನು ತಬ್ಬಿಕೊಂಡ. ಅದು ಮಗುಚಿ ಉರುಳಿತು. ಗೇಟು ದಾಟಿತು. ಮೋರ್ನ್ ಕಕಾವೋ ರಸ್ತೆಯ ಇಳಿಜಾರು ಹೊಸದಾಗಿ ಡಾಂಬರು ಕಂಡಿತ್ತು. ಎರಡು ಕೋಳಿ, ಒಬ್ಬ ಪಾದ್ರಿ ಹಾರಿ ದಾರಿ ಬಿಟ್ಟರು.

ಕಾಲು ಗಂಟೆಯ ಮೇಲೆ ಹೋಲಿಸ್ ಡ್ರೇಕ್ಸ್ ಆ ಪೀಪಾಯಿಯನ್ನು ಉರುಳಿಸಿಕೊಂಡು ಮೇಲೆ ಬಂದ. ಬೆವರಿದ್ದರೂ ಮುಖದಲ್ಲಿ ನಗು.

"ಎಗ್ಬರ್ಟ್, ನಿನ್ನ ಬೇಸ್ ನಮ್ಮ ತಂಡ ಸೇರ್ಕೋತೀನಿ ಅಂತ ಬಂದಿತ್ತು. ನಿಮ್ಮ ಯಜಮಾನರಿಗೆ ಬೇಜಾರಾಗುತ್ತೆ ಹೋಗಮ್ಮ ಅಂತ ಸಮಾಧಾನ ಹೇಳಿ ಕರ್ಕೊಂಡು ಬಂದೆ."

"ಇಟ್ಟು ಹೋಗು."

"ಹೋಗ್ತೀನಿ. ಯಾವನೋ ಕತ್ತೆ ನಮ್ಮ ಗೇಟಿಗೆ ಲಾರಿ ಅಡ್ಡ ನಿಲ್ಸಿದ್ದಾನೆ, ಪೊಲೀಸ್‌ಗೆ ಹೇಳ್ಬೇಕು." ಡ್ರೇಕ್ಸ್ ಹಳದಿ ಅಂಗಳವನ್ನು ಒಮ್ಮೆ ನಿಧಾನವಾಗಿ ನೋಡಿದ. "ಅಥ್ವಾ ಬೇಡ. ಇಲ್ಲೇ ನಿಂತು ನೋಡ್ತೀನಿ. ಇಂಥದ್ದು ದಿನಾ ಸಿಗಲ್ಲ."

ಎರಡು ಗಂಟೆಗೆ ಮಕ್ಕಳು ಬಂದರು. ಇಪ್ಪತ್ತೆಂಟು ಜನ, ಇಸ್ತ್ರಿ ಮಾಡಿದ ಹಳದಿ ಅಂಗಿ, ಎಣ್ಣೆ ಹಚ್ಚಿ ಹೆಣೆದ ಜಡೆ. ಹನ್ನೊಂದು ವರ್ಷದ ಕೆಲ್ಸಿಯಾ ಸಣ್ಣ ಸ್ವರದ ತನ್ನ ಟೆನರ್ ಪ್ಯಾನ್ ಹತ್ತಿರ ಓಡಿಹೋಗಿ ಒಂದು ಸ್ವರ ಹೊಡೆದಳು. ಇನ್ನೊಂದು ಹೊಡೆದಳು. ಆಮೇಲೆ ಎಗ್ಬರ್ಟ್ ಕಡೆ ತಿರುಗಿದಳು.

"ಕ್ಯಾಪ್ಟನ್, ನನ್ನ ಪ್ಯಾನ್ ಸತ್ತೋಗಿದೆ."

ಎಗ್ಬರ್ಟ್ ತಲೆಗೂ ಟೋಪಿಗೂ ಒಟ್ಟಿಗೆ ಕೈ ಕೊಟ್ಟು ನೆಲದ ಮೇಲೆ ಕುಳಿತ. ಹನ್ನೆರಡು ವರ್ಷದ ಅರ್ಜಿಗಳು, ಬಂದ ಒಂದೇ ಒಂದು 'ಹೌದು', ಅದಕ್ಕೆ ಎರಡು ಕೋಟು ಬಣ್ಣ. ಬರಬೇಡಿ ಎಂದು ಕಂಪನಿಗೆ ಫೋನ್ ಮಾಡುವುದೊಂದೇ ಉಳಿದ ದಾರಿ.

ಆಗ ಬೆಂಚಿನ ಕಡೆಯಿಂದ ಒಂದು ಆಕಳಿಕೆ ಕೇಳಿಸಿತು.

"ನಮ್ಮ ಹಿತ್ತಲಲ್ಲಿ ಒಂದಿಷ್ಟು ಬಿದಿರು ಬಿದ್ದಿದೆ" ಎಂದ ಪಾಪಾ ನೆಸ್ಟರ್. "ಒಲೆಗೆ ಹಾಕೋಣ ಅಂತಿದ್ದೆ. ಮಕ್ಕಳಿಗೆ ಬೇಕಾದ್ರೆ ತಗೊಳ್ಳಿ."

ಮುಳುಗುವವನಿಗೆ ಬೊಂಬೂ ದೋಣಿಯೇ. "ನಡೀರೋ!" ಎಂದ ಎಗ್ಬರ್ಟ್. ಹಿತ್ತಲಲ್ಲಿ ನೋಡಿದರೆ ಬಿದಿರು ಸುಮ್ಮನೆ ಬಿದ್ದಿರಲಿಲ್ಲ. ಕಡಿದು, ನೆರಳಲ್ಲಿ ಹದವಾಗಿ ಒಣಗಿಸಿ, ಅಂಚು ಉಜ್ಜಿ, ಉದ್ದ, ನಡು, ಗಿಡ್ಡ ಎಂದು ಮೂರು ಸಾಲಾಗಿ ಗೋಡೆಗೆ ಒರಗಿಸಿತ್ತು. ಪಕ್ಕದ ಒಂದು ಬಾಟ್ಲು, ಚಮಚ ಸೇರಿ ಎಣಿಸಿದರೆ ಸರಿಯಾಗಿ ಇಪ್ಪತ್ತೆಂಟು ಮಕ್ಕಳಿಗೆ ಆಗುವಷ್ಟು. ಇಷ್ಟು ತಯಾರಿ ಹೇಗೆ ಎಂದು ಯಾರಾದರೂ ಕೇಳಬೇಕಾಗಿತ್ತು. ಎಗ್ಬರ್ಟ್‌ಗೆ ಅಷ್ಟು ಪುರುಸೊತ್ತಿರಲಿಲ್ಲ.

ಬೆಂಚಿನಿಂದ ಎದ್ದ ಪಾಪಾ ನೆಸ್ಟರ್ ಎಂಬತ್ತಮೂರು ವರ್ಷದವನ ಹಾಗೆ ಕಾಣಲಿಲ್ಲ.

"ದೊಡ್ಡ ಬೊಂಬಿನವ್ರು ಈ ಕಡೆ! ನೆಲಕ್ಕೆ ಕುಟ್ಟಿ. ಹಾಗಲ್ಲ ಕಂದ, ಭೂಮಿನ ಎಬ್ಬಿಸೋ ಹಾಗೆ ಕುಟ್ಟು, ಧುಂ... ಧುಂ! ನಡು ಬೊಂಬಿನವ್ರು ಅದಕ್ಕೆ ಉತ್ತರ ಕೊಡಿ. ಗಿಡ್ಡ ಬೊಂಬಿನವ್ರು ಅವರಿಬ್ಬರನ್ನೂ ರೇಗಿಸಿ, ಟಕಟ ಟಕ, ಟಕಟ ಟಕ! ಏ ಹುಡುಗಿ, ನೀನು ಯಾಕೆ ಮುಖ ಊದಿಸ್ಕೊಂಡಿದೀಯ? ಬಾ, ಚಮಚದಲ್ಲಿ ಬಾಟ್ಲು ಬಾರಿಸೋದು ನಿಂದು."

ಕೆಲ್ಸಿಯಾ ಸತ್ತ ಪ್ಯಾನನ್ನು ಒಮ್ಮೆ ತಿರುಗಿ ನೋಡಿ, ಬಾಟ್ಲು ತೆಗೆದುಕೊಂಡಳು.

ಮೂರಕ್ಕೆ ಹತ್ತು ನಿಮಿಷವಿರುವಾಗ ದೊಡ್ಡ ಕಾರು ಬಂತು. ಗೊವೇಯಾ ಸಾಹೇಬರು ಇಳಿದರು. ಗುಂಡಗಿನ ಮನುಷ್ಯ, ಬಿಳಿ ಕೋಟು, ಹಳದಿ ಟೈ, ಜೊತೆಗೆ ಒಬ್ಬ ಫೋಟೋದವನು. ಎಗ್ಬರ್ಟ್ ಟೋಪಿ ತೆಗೆಯಬಾರದು ಎಂದು ನೆನಪಿಟ್ಟುಕೊಂಡು ಕೈ ಕುಲುಕಿದ.

"ಎಲ್ಲಿ ಕ್ಯಾಪ್ಟನ್, ಪ್ಯಾನ್ ಶುರುಮಾಡಿ" ಎಂದರು ಸಾಹೇಬರು.

"ಅದು... ಸಾರ್... ಇವತ್ತು ಮೊದಲು ಸ್ವಲ್ಪ..."

ಪಾಪಾ ನೆಸ್ಟರ್ ಕೈ ಎತ್ತಿ ಇಳಿಸಿದ. ಧುಂ.

ಆ ಮಕ್ಕಳು ಮುಕ್ಕಾಲು ಗಂಟೆಯ ಹಿಂದೆ ಬಿದಿರು ಹಿಡಿದವರು ಎಂದರೆ ಯಾರೂ ನಂಬುತ್ತಿರಲಿಲ್ಲ. ವರ್ಷಗಟ್ಟಲೆ ಪ್ಯಾನ್ ಬಾರಿಸಿದ ಕೈಗಳಲ್ಲಿ ತಾಳ ಆಗಲೇ ಇತ್ತು. ನೆಲ ಗುಡುಗಿತು, ಗಿಡ್ಡ ಬೊಂಬುಗಳು ಹರಟಿದವು, ಕೆಲ್ಸಿಯಾಳ ಬಾಟ್ಲಿನ ಸದ್ದು ಎಲ್ಲದರ ಮೇಲೆ ಹಕ್ಕಿಯ ಹಾಗೆ ಹಾರಾಡಿತು. ಪಾಪಾ ನೆಸ್ಟರ್ ಹಳೆಯ ಹಾಡೊಂದನ್ನು ಎತ್ತಿದ. ಟ್ಯಾಂಟಿ ಮರ್ಲ್ ದೀವಿ ಹಲಸಿನ ತಟ್ಟೆ ಹಿಡಿದುಕೊಂಡೇ ಸೊಂಟ ಕುಣಿಸಿದಳು. ಸಾಹೇಬರು ಮೊದಲು ತಲೆ ಆಡಿಸಿದರು, ಆಮೇಲೆ ಭುಜ, ಆಮೇಲೆ ಟೈ ಸಡಿಲಿಸಿ ಅಂಗಳಕ್ಕೇ ಇಳಿದರು. ಬೂದ್ರಾಮ್ ಅವರಿಗೆ ಜೊತೆಯಾದ. ಡ್ರೇಕ್ಸ್ ಒಬ್ಬನ ನಗು ಮಾತ್ರ ಮಾಯವಾಗಿತ್ತು.

ಎಗ್ಬರ್ಟ್‌ಗೆ ಜೀವ ಬಂತು. ಗೆದ್ದೆವು! ಅವನ ಮನಸ್ಸಿನಲ್ಲಿ ಮೆರವಣಿಗೆ ಆಗಲೇ ಇಳಿಜಾರು ಇಳಿಯುತ್ತಿತ್ತು.

ಸಾಹೇಬರು ಬೆವರು ಒರೆಸಿಕೊಂಡು ಖಾಲಿ ಬಣ್ಣದ ಡಬ್ಬದ ಮೇಲೆ ಹತ್ತಿ ನಿಂತರು.

"ಗೆಳೆಯರೇ, ಒಂದು ಗುಟ್ಟು ಹೇಳ್ತೀನಿ. ನಿಮ್ಮ ಅರ್ಜಿ ಓದಿ ನಾನು ಮೊದಲೇ ತೀರ್ಮಾನ ಮಾಡಿದ್ದೆ. ಮೂವತ್ತು ಹೊಸ ಪ್ಯಾನ್, ಕನ್ನಡಿ ಥರ ಹೊಳೆಯೋವು, ಒಂದು ಲಾರಿಗೆ ತುಂಬಿಸಿ, ಮುಚ್ಚಿ, ನಿಮ್ಮ ಗೇಟಿನ ಮುಂದೇನೇ ನಿಲ್ಸಿದ್ದೆ. ಮೂರು ಗಂಟೆಗೆ ಟಾರ್ಪಾಲು ಎಳೆದು ನಿಮ್ಮನ್ನ ಬೆಚ್ಚಿಬೀಳಿಸೋಣ ಅಂತ."

ಜನ ಕೇಕೆ ಹಾಕಿದರು. ಎಗ್ಬರ್ಟ್ ಹಾಕಲಿಲ್ಲ. ಅವನು ಗೇಟಿನಾಚೆಯ ಇಳಿಜಾರನ್ನು ನೋಡಿದ.

"ಆದ್ರೆ ಇದನ್ನ ಕೇಳಿದ ಮೇಲೆ ಮನಸ್ಸು ಬದಲಾಯ್ತು! ಪ್ಯಾನ್ ಕೊಡೋ ಕಂಪನಿ ಈ ದೇಶದಲ್ಲಿ ಬೇಕಾದಷ್ಟಿವೆ. ಬಿದಿರಿಗೆ ಯಾರಿದ್ದಾರೆ? ನಮ್ಮ ಅಜ್ಜಂದಿರ ಕಲೆ, ಈ ಎಳೆ ಕೈಗಳಲ್ಲಿ! ಒಂದೇ ಒಂದು ಬಿದಿರಿನ ಮೇಲೂ ಇವತ್ತಿನವರೆಗೆ ಕಂಪನಿ ಹೆಸರಿಲ್ಲ, ಗೊತ್ತಾ? ನಮ್ಮದೇ ಮೊದಲು! ಇವತ್ತಿನಿಂದ ಮೂರು ವರ್ಷ ಈ ಮಕ್ಕಳು ಗೋಲ್ಡನ್ ಪೌಯಿ ಪೇಂಟ್ಸ್ ಬಿದಿರು ಮೇಳ. ಈ ಹಿರಿಯರು ಅದರ ಗುರುಗಳು."

"ಸಾರ್" ಎಂದ ಎಗ್ಬರ್ಟ್. ದನಿ ಕಪ್ಪೆಯದಾಗಿತ್ತು. "ನಮ್ಮ ಪ್ಯಾನ್‌ಗೆ ನಿಮ್ಮ ಪೇಂಟ್‌ನವ್ರು..."

"ನೋಡಿದೆ, ನೋಡಿದೆ! ಎಷ್ಟು ಚೆಂದ! ಅವನ್ನ ನಮ್ಮ ಮುಖ್ಯ ಕಚೇರಿ ಬಾಗಿಲಲ್ಲಿ ಸಾಲಾಗಿ ಇಡ್ತೀವಿ. ಹೂವಿನ ಗಿಡ ಹಾಕಿ."

"ಸಾರ್, ನಮಗೆ ಪ್ಯಾನೂ ಬೇಕು. ಪನೋರಮಾಕ್ಕೆ..."

"ಕ್ಯಾಪ್ಟನ್, ನಿಮ್ಮ ದೊಡ್ಡತನ ನಿಮಗೇ ಗೊತ್ತಿಲ್ಲ" ಎಂದು ಸಾಹೇಬರು ಅವನ ಬೆನ್ನು ತಟ್ಟಿದರು. ಟೋಪಿ ಹಾರಿ ಬಿತ್ತು. ಅರ್ಧ ಬೋಳು, ಅರ್ಧ ಕಾಡು. ಫೋಟೋದವನು ಅದೇ ಕ್ಷಣಕ್ಕೆ ಕಾದಿದ್ದವನ ಹಾಗೆ ಕ್ಲಿಕ್ ಎನಿಸಿದ. "ಆಹಾ! ತಲೆಕಟ್ಟು ಕೂಡ ಕಲಾವಿದರದೇ! ಸರಿ, ಲಾರಿ ಎಲ್ಲಿ?"

ಗೇಟಿನ ಹತ್ತಿರ ಡ್ರೈವರ್ ಏದುಸಿರು ಬಿಡುತ್ತ ನಿಂತಿದ್ದ. "ಈ ಅಣ್ಣಾವ್ರು ಬೈದು ಕೆಳಗೆ ಕಳಿಸಿದ್ರು ಸಾರ್. ಸೀ ಬ್ರೀಜ್ ಅನ್ನೋರ ಗೇಟಿಗೆ ಅಡ್ಡ ನಿಲ್ಸು ಅಂದ್ರು. ಬೇಜಾರು ಮಾಡ್ಕೋತೀರ ಅಂತ ನಾನು ಹೇಳ್ದೆ."

"ಸೀ ಬ್ರೀಜ್? ಅದೂ ಮಕ್ಕಳ ತಂಡವೇ?"

ಮೊದಲ ಸಾಲಿಗೆ ಡ್ರೇಕ್ಸ್ ಹೇಗೆ ಬಂದನೋ ಯಾರೂ ನೋಡಲಿಲ್ಲ. "ಹೌದು ಸಾರ್. ಬಡ ತಂಡ ಸಾರ್. ಪ್ಯಾನ್ ಬಿಟ್ರೆ ನಮಗೆ ಬೇರೆ ಏನೂ ಬರಲ್ಲ ಸಾರ್."

"ನೋಡಿದ್ರಾ!" ಸಾಹೇಬರ ಕಣ್ಣು ತುಂಬಿ ಬಂತು. "ಪಕ್ಕದ ತಂಡಕ್ಕೆ ಸಿಗಲಿ ಅಂತ ಲಾರಿನ ತಾವೇ ಅವರ ಬಾಗಿಲಿಗೆ ಕಳಿಸಿದ್ದಾರೆ. ಇಂಥ ಕ್ಯಾಪ್ಟನ್ ನಾನು ಕಂಡಿಲ್ಲ. ಇಳಿಸ್ಕೊಳ್ಳಿ, ಅಲ್ಲೇ ಇಳಿಸ್ಕೊಳ್ಳಿ!"

ಡ್ರೇಕ್ಸ್ ಎಗ್ಬರ್ಟ್‌ನ ಎರಡೂ ಕೈ ಹಿಡಿದು ಕುಲುಕಿದ. "ಈ ವರ್ಷ ಕಪ್ ತಗೊಂಡು ಮೇಲೆ ಬರ್ತೀವಲ್ಲ, ಮುಂದೆ ನಿಮ್ಮ ಬಿದಿರೇ ಇರ್ಲಿ ಎಗ್ಬರ್ಟ್" ಎಂದು, ಇಳಿಜಾರನ್ನು ಹುಡುಗನ ಹಾಗೆ ಓಡಿ ಇಳಿದ.

ಕಾರು ಹೋಯಿತು. ಜನ ದೀವಿ ಹಲಸು ಮುಗಿಸಿ ಚದುರಿದರು. ಮಕ್ಕಳು ಮಾತ್ರ ಬಿದಿರು ಕೆಳಗಿಡಲು ಒಪ್ಪಲಿಲ್ಲ. "ಕ್ಯಾಪ್ಟನ್, ಇದರಲ್ಲಿ ಕೈ ನೋಯುತ್ತೆ, ಆದ್ರೆ ಮಜಾ ಇದೆ. ನಾಳೆ ಬೇಗ ಬರ್ಲಾ?" ಎಂದಳು ಕೆಲ್ಸಿಯಾ. ಬರಬೇಡ ಎನ್ನುವ ಶಕ್ತಿ ಎಗ್ಬರ್ಟ್‌ಗೆ ಇರಲಿಲ್ಲ. ಫಿಟ್ಸ್‌ರಾಯ್‌ನ ಅಂಗಡಿಯಲ್ಲಿ ಕರೆಂಟು ಬಂದಿದೆಯಂತೆ, ಆದರೆ ಅವನು ಬಾಗಿಲು ಹಾಕಿಕೊಂಡು ಸೀ ಬ್ರೀಜ್‌ನ ಹೊಸ ಪ್ಯಾನ್ ನೋಡಲು ಹೋಗಿದ್ದಾನೆ ಎಂಬ ಸುದ್ದಿ ಬಂತು.

ಅಷ್ಟರಲ್ಲಿ ಪೇಂಟರ್‌ಗಳು ವಾಪಸು ಬಂದರು. ಖಾಲಿ ಡಬ್ಬಗಳಿಗಲ್ಲ, ತುಂಬಿದ ಡಬ್ಬಗಳ ಜೊತೆಗೆ.

"ಸಾಹೇಬ್ರು ಫೋನ್ ಮಾಡಿದ್ರು ಕ್ಯಾಪ್ಟನ್. ಬಿದಿರಿಗೂ ಕಂಪನಿ ಬಣ್ಣ ಆಗ್ಬೇಕಂತೆ" ಎಂದ ಉದ್ದನೆಯವನು, ಒಂದು ಬೊಂಬನ್ನು ಎತ್ತಿ ಕಣ್ಣಿಗೆ ದುರ್ಬೀನಿನ ಹಾಗೆ ಹಿಡಿದು. "ಹೊರಗೆ ಮಾತ್ರ ಸಾಕಾ, ಒಳಗೂ ಬೇಕಾ?"

ದಿನವಿಡೀ ಎಗ್ಬರ್ಟ್‌ನೊಳಗೆ ಕುದಿಯುತ್ತಿದ್ದದ್ದು ಆಗ ಉಕ್ಕಿತು. "ಒಳಗೆ?! ಒಳಗೇನೋ, ಕೋತಿಗಳಾ! ಬೆಳಿಗ್ಗೆ ಯಾವ ಮೂರ್ಖ ಹೇಳಿದ್ದು ನಿಮಗೆ ಒಳಗೆ ಹೊಡೀರಿ ಅಂತ?"

ಗಿಡ್ಡನೆಯವನಿಗೆ ನೋವಾಯಿತು. "ಬೈಬೇಡಿ ಕ್ಯಾಪ್ಟನ್. ನಾವು ಹೊರಗೆ ಹೊಡೆದು ಡಬ್ಬ ಮುಚ್ಚಿದ್ವಿ. ಕೇಳೋದಿದ್ರೆ ಅಜ್ಜನ್ನ ಕೇಳಿ ಅಂತ ನೀವೇ ತಾನೆ ಹೇಳಿದ್ದು? ಕೇಳಿದ್ವಿ. 'ಒಳಗೂ ಎರಡು ಕೋಟು ಹೊಡೀರಿ ಮಕ್ಕಳಾ, ಜಿಪುಣತನ ಮಾಡ್ಬೇಡಿ' ಅಂದ್ರು. ನಮಗೆ ಎರಡು ಮಾವಿನಹಣ್ಣೂ ಕೊಟ್ರು."

ಎಗ್ಬರ್ಟ್ ನಿಧಾನವಾಗಿ ಬೆಂಚಿನ ಕಡೆ ತಿರುಗಿದ.

ಕಂಪನಿ ಕೊಟ್ಟ ಹೊಸ ಹಳದಿ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಪಾಪಾ ನೆಸ್ಟರ್ ಮಲಗಿದ್ದ. ಗೊರಕೆ ಬೆಳಗ್ಗಿನಂತೆಯೇ ಜೋರಾಗಿತ್ತು. ಬಲಗಾಲು ಮಾತ್ರ ಮಕ್ಕಳ ಬಿದಿರಿಗೆ ಸರಿಯಾಗಿ ತಾಳ ಹಾಕುತ್ತಿತ್ತು.